ಕೇಕಿನ ಮೇಲೊಂದು ಶಹಬ್ಬಾಸ್

ಕೇಕಿನ ಮೇಲೆ ಅಕ್ಷರ ಬರೆಯುವವಳಿಗೆ ಊರಿನ ಸಾಧಕರೆಲ್ಲ ಗೊತ್ತು. ಬೇಕರಿಯ ಹಿಂದಿನ ಕೋಣೆಯಲ್ಲಿ ಕ್ರೀಮಿನ ಕೋನು ಹಿಡಿದು ದಿನವಿಡೀ ಕಂಡವರ ಬೆನ್ನು ತಟ್ಟುವುದೇ ಅವಳ ಕೆಲಸ. ನಾಯಿಗೆ ವರ್ಷ ತುಂಬಿತು, ಅಭಿನಂದನೆ. ಡುಮ್ಕಿ ಹೊಡೆದೂ ಹೊಡೆದೂ ಮಗರಾಯ ಅಂತೂ ಪಾಸಾದ, ಅಭಿನಂದನೆ. ಒಬ್ಬ ಮಹಾನುಭಾವ ಹೊಸ ಸೋಫಾಕ್ಕೂ ಕೇಕು ಮಾಡಿಸಿದ. ಸೋಫಾ ಪಾಪ ಏನು ಸಾಧಿಸಿತ್ತೋ!

ಅವಳ ಭಾವ ಸಿಗರೇಟು ಬಿಟ್ಟಾಗಲಂತೂ ಕೇಳಬೇಡಿ. ಮನೆಮಂದಿಯೆಲ್ಲ ಚಪ್ಪಾಳೆ. "ಮನಸ್ಸು ಗಟ್ಟಿ ಇರ್ಬೇಕು ಅಂದ್ರೆ ಹೀಗಿರ್ಬೇಕು ನೋಡು" ಎಂದು ಅಮ್ಮ ಹಾಡಿ ಹೊಗಳಿದರು. ಕೇಕಿನ ಮೇಲೆ 'ಮನೋಬಲಕ್ಕೆ ಜೈ' ಎಂದು ಬರೆದವಳು ಇವಳೇ. ಕೇಕು ಖಾಲಿಯಾಗುವ ಮುಂಚೆಯೇ ಭಾವ ಮಹಡಿಯ ನೀರಿನ ಟ್ಯಾಂಕಿನ ಹಿಂದೆ ಹೊಗೆ ಬಿಡುತ್ತಿದ್ದರು, ಅದು ಬೇರೆ ಮಾತು.

ಇವಳಿಗಿದ್ದದ್ದು ಬೇರೆ ಚಟ. ಮನಸ್ಸು ಕೆಟ್ಟಾಗ ತನಗೆ ತಾನೇ ನೋವು ಮಾಡಿಕೊಳ್ಳಬೇಕು ಅನಿಸುತ್ತಿತ್ತು. ಮಾಡಿಕೊಂಡದ್ದೂ ಉಂಟು. ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟರೆ "ಇದ್ಯಾವ ಫ್ಯಾಷನ್ನೇ?" ಎಂದು ನಗುತ್ತಿದ್ದರೇ ಹೊರತು, ಯಾಕೆ ಎಂದು ಒಬ್ಬರಾದರೂ ಕೇಳಬೇಕಲ್ಲ!

ಮೊನ್ನೆ ಭಾನುವಾರ ಮನೆಯಲ್ಲಿ ಒಬ್ಬಳೇ ಇದ್ದಾಗ ಆ ಹಾಳು ಆಸೆ ಕರೆಯದ ನೆಂಟನ ಹಾಗೆ ಬಂದು ಕೂತಿತು. ಇವಳು ಚಪ್ಪಲಿ ಮೆಟ್ಟಿ, ಕೆಳಗಿನ ಮನೆಯ ಅಜ್ಜಿಯ ಬಾಗಿಲು ತಟ್ಟಿದಳು. "ಒಬ್ಳೇ ಇರೋಕಾಗ್ತಿಲ್ಲ ಅಜ್ಜಿ. ಸ್ವಲ್ಪ ಕೂತ್ಕೊಳ್ಲಾ?" ಅಜ್ಜಿಗೆ ಅಷ್ಟೇ ಸಾಕಿತ್ತು. ಮಂಡಿನೋವಿನ ಪುರಾಣ ಬಿಚ್ಚಿದರು. ಎಡಮಂಡಿ ಮುಗಿದು ಬಲಮಂಡಿ ಶುರುವಾಗುವ ಹೊತ್ತಿಗೆ ಆ ಆಸೆಯೇ ಬೇಸತ್ತು ಎದ್ದು ಹೋಗಿತ್ತು.

ಮೆಟ್ಟಿಲು ಹತ್ತುವಾಗ ಇವಳಿಗೆ ಎಂಥಾ ಜಂಬ ಅಂತೀರಿ! ಆದರೆ ಯಾರ ಮುಂದೆ ಹೇಳುವುದು? ಹೇಳದೆ ಇರಲೂ ಆಗದು. ಹೇಳದಿದ್ದರೆ ಮುಂದಿನ ಸಲ ಮತ್ತೆ ಒಬ್ಬಳೇ.

ಬರಹ ತಪ್ಪಿದ ಕೇಕು ಬರೆದವಳ ಪಾಲು, ಇದು ಬೇಕರಿಯ ಪದ್ಧತಿ. ಮರುದಿನ ನಿವೃತ್ತ ಹೆಡ್‌ಮಾಸ್ತರರ ಕೇಕಿನ ಮೇಲೆ ಇವಳು ಬೇಕೆಂದೇ, ದುಂಡು ಅಕ್ಷರದಲ್ಲಿ 'ಶಹಬ್ಬಾಸ್ ಕಣೇ' ಎಂದು ಬರೆದಳು. ಮಾಲೀಕರು ಹಣೆ ಚಚ್ಚಿಕೊಂಡರು. "ಹೆಡ್‌ಮಾಸ್ತರರಿಗೆ 'ಕಣೇ' ಅಂತಾರೇನಮ್ಮಾ! ತಗೊಂಡು ಹೋಗು, ಇನ್ನೊಂದು ಬರಿ."

ಮನೆಯಲ್ಲಿ ಡಬ್ಬ ತೆರೆದದ್ದೇ ತಡ, ಅಮ್ಮ ಕೇಳಿದರು. "ಯಾರಿಗೇ ಇದು?"

"ನಂಗೆ."

"ಏನು ಮಾಡಿದ್ದಕ್ಕೆ?"

"ಮಾಡದೇ ಇದ್ದಿದ್ದಕ್ಕೆ."

"ಮಾಡದೇ ಇದ್ದಿದ್ದಕ್ಕೂ ಕೇಕಾ!" ಭಾವ ಹೊಟ್ಟೆ ಹಿಡಿದು ನಕ್ಕರು.

"ನಿಮ್ಮದೂ ಅದೇ ಅಲ್ವಾ ಭಾವ? ನಿಮ್ಮದು ಸುಳ್ಳು, ನನ್ನದು ನಿಜ, ಅಷ್ಟೇ ವ್ಯತ್ಯಾಸ." ಅಷ್ಟಕ್ಕೇ ನಿಲ್ಲಿಸದೆ ಹೇಳಿಯೇ ಬಿಟ್ಟಳು. "ಅಮ್ಮಾ, ನಂಗೆ ನಾನೇ ಗಾಯ ಮಾಡ್ಕೋತಿದ್ದೆ. ಭಾನುವಾರ ಹಾಗೆ ಅನಿಸ್ತು. ಮಾಡ್ಕೊಳ್ಳಲಿಲ್ಲ. ಕೆಳಗಿನ ಅಜ್ಜಿ ಹತ್ರ ಹೋಗಿ ಅವ್ರ ಮಂಡಿನೋವಿನ ಕಥೆ ಕೇಳ್ತಾ ಕೂತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮ್ಮನ ಕಣ್ಣು ಆ ತುಂಬುತೋಳಿನ ಮೇಲೇ ನಿಂತಿತ್ತು. ಏನು ಮಾಡಬೇಕೋ ತೋಚದೆ ಭಾವ ಕೇಕಿಗೆ ಕೈ ಚಾಚಿದರು. ಅಮ್ಮ ಆ ಕೈಗೆ ಪಟ್ಟನೆ ಒಂದು ಕೊಟ್ಟರು.

"ಮುಟ್ಬೇಡಿ. ಅದು ಅವಳದ್ದು." ಮಗಳ ತಟ್ಟೆಗೆ ದೊಡ್ಡ ತುಂಡೊಂದನ್ನು ಬಡಿಸಿ, ಪಕ್ಕದಲ್ಲೇ ಕೂತರು. "ಇನ್ನೊಂದ್ಸಲ ಹಾಗನಿಸಿದ್ರೆ ನನ್ನ ಕರಿಯೇ. ನಂಗೂ ಮಂಡಿನೋವಿದೆ."