ಶೂ ಅಡಿಯ ಎಲಾಸ್ಟಿಕ್

ಬೈಕ್ ಓಡಿಸುವಾಗ ನನ್ನ ಪ್ಯಾಂಟು ಗಾಳಿಗೆ ಮೀನಖಂಡದವರೆಗೂ ಏರುತ್ತಿತ್ತು. ನಿನ್ನೆ ನನ್ನ ಹೆಂಡತಿ ಎರಡೂ ಕಾಲಿನ ಅಂಚಿಗೆ ಎಲಾಸ್ಟಿಕ್ ಹೊಲಿದು, ಶೂ ಅಡಿಗೆ ಸಿಕ್ಕಿಸಿಕೊಳ್ಳುವ ಹಾಗೆ ಮಾಡಿಕೊಟ್ಟಳು. "ಇನ್ನು ಹೆಂಗೆ ಏರುತ್ತೋ ನೋಡ್ತೀನಿ," ಎಂದಳು. ನಿಜ, ಇವತ್ತು ಕೋಲಾರದಿಂದ ಸುಗಟೂರಿನ ತನಕ ಒಂದಿಷ್ಟೂ ಏರಲಿಲ್ಲ.

ಅಲ್ಲಿ ಬಲಗಡೆ ಟೀ ಅಂಗಡಿ ಕಂಡಿತು. ಎದುರಿನ ಬಸ್ಸು ಹೋಗಲೆಂದು ರಸ್ತೆಯ ನಡುವೆ ಬೈಕ್ ನಿಲ್ಲಿಸಿ ಎಡಗಾಲು ಕೆಳಗಿಡಲು ಹೋದರೆ ಕಾಲೇ ಬರಲಿಲ್ಲ. ಎಲಾಸ್ಟಿಕ್ ಗೇರ್ ಲಿವರಿಗೆ ಸಿಕ್ಕಿಕೊಂಡಿತ್ತು. ಬೈಕಿನ ಸಮೇತ ಎಡಕ್ಕೆ ಬಿದ್ದೆ. ಹಿಂದಿನಿಂದ ಟೊಮೆಟೊ ತುಂಬಿದ ಟೆಂಪೊ ಕಿರುಚುತ್ತಾ ಬಂದು, ನನ್ನ ಕಾಲಿನಿಂದ ಗೇಣು ದೂರದಲ್ಲಿ ನಿಂತಿತು.

ಅಂಗಡಿಯಾಕೆ "ಅಯ್ಯೋ ದೇವುಡಾ!" ಎನ್ನುತ್ತಾ ಚಾಕು ಹಿಡಿದು ಓಡಿಬಂದು ಎಲಾಸ್ಟಿಕ್ ಕತ್ತರಿಸಿದಳು. ಟೆಂಪೊ ಚಾಲಕ ಇಳಿದು ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನ ಪಕ್ಕ ಟಾರಿನ ಮೇಲೆಯೇ ಕುಸಿದು ಕೂತು, ಎರಡೂ ಕೈಗಳಲ್ಲಿ ನನ್ನ ಶೂ ಹಿಡಿದುಕೊಂಡ.

"ಕಾಲು ಐತಾ ಸಾರ್? ನನ್ ಗಾಡಿ ಹತ್ತಿಲ್ಲ ತಾನೆ?"

ಅವನಿಗೆ ತಿಳಿಯಲೆಂದು ಶೂ ಒಳಗೇ ಕಾಲ್ಬೆರಳು ಆಡಿಸಿದೆ. ಆ ಅಲುಗಾಟ ಅವನ ಅಂಗೈಗೆ ತಗುಲಿದ್ದೇ, ಅಷ್ಟು ದೊಡ್ಡ ಮನುಷ್ಯ ಜೋರಾಗಿ ಅತ್ತುಬಿಟ್ಟ.