ಮೊದಲ ದಿನದ ಐದು ಕ್ಯಾನು

ನನ್ನ ಗಂಡ ಹೋಗಿ ಎಂಟು ತಿಂಗಳಾಯಿತು. ಹಾಲಿನ ಸಂಘದಲ್ಲಿ ಅವರ ಫೋಟೋ ಹಾಕುತ್ತಾರಂತೆ, ನಾಲ್ಕು ಮಾತು ಬರೆದುಕೊಡಿ ಎಂದರು. ಸಂಘದ ಮೊದಲ ಪರೀಕ್ಷಕ ಅವರೇ. ಮಹಾನುಭಾವ ಎಂದು ನಾನು ಬರೆಯಲಾರೆ. ಗೊರಕೆ ಹೊಡೆಯುತ್ತಿದ್ದರು. ಈಗ ಆ ಗೊರಕೆಯಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ.

ಸಂಘ ಬರುವ ಮೊದಲು ಊರಿನ ಹಾಲೆಲ್ಲ ಒಬ್ಬನೇ ವ್ಯಾಪಾರಿಗೆ. ಅವನ ಲೀಟರ್ ಡಬ್ಬಿ ಎಷ್ಟು ಸುರಿದರೂ ತುಂಬುತ್ತಿರಲಿಲ್ಲ. ಅವನನ್ನು ಬಕಾಸುರ ಎನ್ನುತ್ತಿದ್ದೆವು. ಅದಕ್ಕೆ ನಾವೂ ಚೊಂಬು ನೀರು ಬೆರೆಸುತ್ತಿದ್ದೆವು. ಅವನಿಗೂ ಗೊತ್ತು, ನಮಗೂ ಗೊತ್ತು. ಯಾರಿಗೂ ನಾಚಿಕೆಯಿರಲಿಲ್ಲ.

ಇವರು ಮನೆ ಮನೆ ತಿರುಗಿ ಸಂಘ ಕಟ್ಟಿದರು. ಮೊದಲ ದಿನ ಐದು ಕ್ಯಾನು ತುಂಬಿದರೆ ಮಾತ್ರ ಲಾರಿ ನಾಳೆಯೂ ಬರುತ್ತದೆ ಎಂದರು ಪೇಟೆಯ ಡೇರಿಯವರು. ಬರದಿದ್ದರೆ ಮತ್ತೆ ಬಕಾಸುರನೇ ಗತಿ.

ಆ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಾನು. ಪರೀಕ್ಷಕನ ಹೆಂಡತಿ ಎಂದು ಸ್ವಲ್ಪ ಜಂಬ. ಇವರು ನನ್ನ ಹಾಲಿಗೆ, ನೀರು ಬೆರೆತಿದೆಯೇ ಎಂದು ನೋಡುವ ಗಾಜಿನ ಕಡ್ಡಿ ಇಳಿಬಿಟ್ಟರು. ತೇಲಬೇಕಾದದ್ದು ಮುಳುಗಿತು. ಚೊಂಬು ನೀರು ಹಾಕಿದ್ದು ನನಗೇ ನೆನಪಿಲ್ಲ, ಕೈಗೆ ಅಷ್ಟು ಅಭ್ಯಾಸ.

“ಇದು ನಡೆಯಲ್ಲ, ವಾಪಸ್ ತಗೊಂಡು ಹೋಗು,” ಎಂದರು.

“ರೀ, ನಾನು ನಿಮ್ಮ ಹೆಂಡ್ತಿ.”

“ಕಡ್ಡಿಗೆ ಅದು ಗೊತ್ತಿಲ್ಲ ಕಣೇ.”

ಸಾಲೆಲ್ಲ ನಕ್ಕಿತು. ಆಮೇಲೆ ನಗು ನಿಂತಿತು. ಪಕ್ಕದ ಮನೆಯ ಅಕ್ಕ, “ಅಯ್ಯೋ, ಒಲೆ ಆರಿಸದೆ ಬಂದೆ,” ಎಂದು ಪಾತ್ರೆ ಎತ್ತಿಕೊಂಡು ಹೊರಟಳು. ದರ್ಜಿಯ ಹೆಂಡತಿಗೂ ಒಲೆ ನೆನಪಾಯಿತು. ನೋಡನೋಡುತ್ತ ಅರ್ಧ ಊರಿನ ಒಲೆ ಉರಿಯುತ್ತಿತ್ತು. ಉಳಿದವರ ಹಾಲು ನಾಲ್ಕು ಕ್ಯಾನು ದಾಟಲಿಲ್ಲ.

ಇವರ ಮುಖ ಬಿಳುಚಿಕೊಂಡಿತು. ಆದರೂ ಕಡ್ಡಿ ಕೆಳಗಿಡಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು. ಮನೆಗೆ ಓಡಿದೆ. ನಮ್ಮ ಖರ್ಚಿಗೆಂದು ಎತ್ತಿಟ್ಟ ಹಾಲಿಗೆ ಯಾರೂ ನೀರು ಬೆರೆಸುವುದಿಲ್ಲವಲ್ಲ. ಅದನ್ನು ಎತ್ತಿಕೊಂಡು ವಾಪಸ್ ಬರುವ ದಾರಿಯಲ್ಲಿ ಅಕ್ಕನ ಬಾಗಿಲು ಬಡಿದೆ.

“ಒಲೆ ಆರಿತಾ ಅಕ್ಕ? ಮಕ್ಕಳಿಗಂತ ಇಟ್ಟಿರೋ ಹಾಲು ತಗೊಂಡು ಬಾ.”

“ಮಕ್ಕಳಿಗೇನು ಕೊಡ್ಲಿ?”

“ಇವತ್ತೊಂದು ದಿನ ನೀರು ಕೊಡು. ಇಷ್ಟು ದಿನ ಪೇಟೆ ಮಕ್ಕಳಿಗೆ ಅದನ್ನೇ ತಾನೆ ಕೊಟ್ಟಿದ್ದು.”

ಅಕ್ಕ ಬಂದಳು. ಅವಳ ಹಿಂದೆ ಉಳಿದವರೂ ಬಂದರು. ಲಾರಿಯವನು ಹಾರ್ನ್ ಬಾರಿಸುತ್ತಿದ್ದಂತೆ ಐದನೆಯ ಕ್ಯಾನಿಗೆ ಮುಚ್ಚಳ ಬಿತ್ತು. ಮರುದಿನವೂ ಲಾರಿ ಬಂತು. ಮೂವತ್ತೊಂದು ವರ್ಷದಿಂದ ಬರುತ್ತಲೇ ಇದೆ.

ಅವತ್ತು ಇವರು ಮನೆಗೆ ಬಂದು ಚಹಾ ಕೇಳಿದರು. ಕರಿ ಚಹಾ ಕೊಟ್ಟೆ.

“ಇನ್ನೂ ಕೋಪಾನಾ?” ಎಂದರು.

“ಕೋಪ ಅಲ್ಲ. ಇದ್ದ ಹಾಲೆಲ್ಲ ನಿಮ್ಮ ಕ್ಯಾನಿಗೇ ಹೋಯ್ತು.”

ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು.