ದಪ್ಪ ಪುಸ್ತಕವನ್ನು ತೆಳ್ಳಗೆ ಮಾಡಿ ಕೊಟ್ಟವರು

ಅವರ ಬಲಗೈಯ ಉಗುರುಗಳ ಅಂಚಿನಲ್ಲಿ ಸದಾ ಒಂದು ತೆಳುನೀಲಿ ಗೆರೆ ಇರುತ್ತಿತ್ತು. ಶಾಯಿ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಮೈಲುತುತ್ತ. ಪುಸ್ತಕಕ್ಕೆ ಹುಳ ಹಿಡಿಯದಿರಲಿ ಎಂದು ಮೈದಾ ಅಂಟಿನಲ್ಲಿ ಅದನ್ನು ಕಲಸುತ್ತಿದ್ದರು. ತಿರುವನಂತಪುರದ ಪಟ್ಟಂನಲ್ಲಿದ್ದ ನಮ್ಮ ಕೇಂದ್ರ ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟರು, ರಜೆಯ ದಿನ ಮನೆಯಲ್ಲಿ ಕೂತು ಪುಸ್ತಕ ಬಿಚ್ಚಿ ಹೊಲಿಯುವವರು.

ಅವರು ಕಾಸರಗೋಡಿನವರು. ನಾನು ತುಮಕೂರು ಕಡೆಯಿಂದ, ಎರಡು ಸಾವಿರದ ನಾಲ್ಕರಲ್ಲಿ ಗುಮಾಸ್ತೆಯಾಗಿ ಅಲ್ಲಿಗೆ ಬಂದವಳು. ಮಲಯಾಳ ಬಾರದ ನನಗೆ ಊಟದ ಹೊತ್ತಿನಲ್ಲಿ ಮಾತಿಗೆ ಸಿಗುತ್ತಿದ್ದವರು ಅವರೊಬ್ಬರೇ. ಒಂದು ದಿನ ಕೇಳಿದರು, "ಎಂತ ಓದ್ತೀರಿ?"

"ಪರೀಕ್ಷೆ ಗೈಡ್ ಬಿಟ್ರೆ ಏನೂ ಇಲ್ಲ ಸರ್. ಕಾಲೇಜಲ್ಲಿ ಒಂದು ದೊಡ್ಡ ಕಾದಂಬರಿ ತಗೊಂಡಿದ್ದೆ. ಅದೆಲ್ಲ ನನ್ನ ತಲೆಗೆ ಹತ್ತಲ್ಲ ಅಂತ ಬಿಟ್ಬಿಟ್ಟೆ."

"ಯಾವುದು? ಎಷ್ಟು ಓದಿದ್ರಿ?"

ಹೆಸರು ಹೇಳಿದೆ. ನಲವತ್ತು ಪುಟ ಇರಬಹುದು ಎಂದೆ.

"ನಲವತ್ತು ಪುಟ ಓದಿದವರು ತಲೆಗೆ ಹತ್ತೂದಿಲ್ಲ ಅಂತ ಎಂತಕ್ಕೆ ಹೇಳೂದು?" ಎಂದರು. ಆ ಮಾತು ಅಲ್ಲಿಗೇ ನಿಂತಿತು.

ಮರುವಾರ ನನ್ನ ಮೇಜಿನ ಮೇಲೊಂದು ತೆಳ್ಳನೆಯ ಪುಸ್ತಕವಿತ್ತು. ರಟ್ಟಿಗೆ ಕಂದು ಕಾಗದ ಅಂಟಿಸಿ ಹೆಸರನ್ನೆಲ್ಲ ಮುಚ್ಚಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ದೊಡ್ಡ ಹೆಸರು ಕಂಡ್ರೆ ಜನ ಎದ್ದು ನಿಲ್ತಾರೆ. ಓದ್ಲಿಕ್ಕೆ ಕೂತ್ಕೊಳ್ಬೇಕಲ್ಲ?" ಎಂದರು. ಬಾವಿ ತೋಡಿಸುವ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆ ಅದು. ಸೋಮವಾರ ಹಿಂತಿರುಗಿಸಲು ಹೋದಾಗ ನಾನು ಜಗಳಕ್ಕೇ ನಿಂತಿದ್ದೆ: "ಆ ತಮ್ಮ ಒಂದು ಮಾತಾಡಿದ್ರೆ ಏನು ಹೋಗ್ತಿತ್ತು ಸರ್?" ಅವರ ಮುಖ ಅರಳಿತು. "ಕೋಪ ಬಂತಲ್ಲ, ಸಾಕು. ಪುಸ್ತಕ ನಿಮ್ಮ ಹತ್ರವೇ ಇರ್ಲಿ."

ಯಾರಿಗೆ ಯಾವುದು ಎಂದು ಆರಿಸುವುದರಲ್ಲಿ ಅವರಿಗೆ ಅವಸರವಿರಲಿಲ್ಲ. ನಮ್ಮ ಕಚೇರಿಯ ಡ್ರೈವರ್ ವಿಳಿಂಜಂನ ಮೀನುಗಾರರ ಮನೆಯವರು. ಅವರಿಗೆ ಕಡಲಿನ ಕಾದಂಬರಿ ಕೊಡಿ ಎಂದು ನಾನು ಜಾಣತನ ತೋರಿಸಿದಾಗ, "ದಿನಾ ಕಾಣುವ ಕಡಲನ್ನು ಪುಸ್ತಕದಲ್ಲೂ ಕಾಣ್ಬೇಕಾ? ಆ ಮನುಷ್ಯನಿಗೆ ಕೋರ್ಟಿನ ಕಥೆ ಅಂದ್ರೆ ಪ್ರಾಣ" ಎಂದು ಮಲಯಾಳದ ಹಳೆಯ ಕಾದಂಬರಿಯೊಂದನ್ನು ಹುಡುಕಿಕೊಟ್ಟರು. ದಪ್ಪ ಪುಸ್ತಕವಾದರೆ ಹೊಲಿಗೆ ಬಿಚ್ಚಿ, ಮೂರೋ ನಾಲ್ಕೋ ಭಾಗ ಮಾಡಿ, ಒಂದೊಂದಕ್ಕೂ ಹಳೆಯ ಫೈಲಿನ ರಟ್ಟು ಹಾಕುತ್ತಿದ್ದರು. ಪುಸ್ತಕ ಕೊಯ್ಯುವುದು ಪಾಪವಲ್ಲವೇ ಎಂದು ಯಾರೋ ಅಂದದ್ದಕ್ಕೆ, ಓದದೆ ಕಪಾಟಿನಲ್ಲಿಡುವುದು ಯಾವ ಪುಣ್ಯ ಎಂದು ಕೇಳಿದ್ದರು.

ಎರಡನೆಯ ವರ್ಷ ಅಂಥದೇ ನಾಲ್ಕು ಭಾಗಗಳ ಕಾದಂಬರಿಯೊಂದು ನನಗೆ ಬಂತು. "ಮೊದಲನೆಯದು ಇನ್ನೂ ಒಣಗ್ಲಿಲ್ಲ. ಎರಡನೆಯದರಿಂದ ಸುರು ಮಾಡಿ" ಎಂದರು. ಹೆಸರುಗಳು ಎಲ್ಲೋ ಕೇಳಿದಂತಿದ್ದವು. ಆದರೆ ಕಥೆ ಎಳೆದುಕೊಂಡು ಹೋಯಿತು. ಮೂರು ಭಾಗ ಮುಗಿದ ಮೇಲೆ ಮೊದಲನೆಯದು ಕೈಗೆ ಬಂತು. ಹತ್ತು ಪುಟ ದಾಟುವಷ್ಟರಲ್ಲಿ ಗುರುತು ಸಿಕ್ಕಿತು. ಕಾಲೇಜಿನಲ್ಲಿ ನಾನು ಸೋತು ಮುಚ್ಚಿಟ್ಟಿದ್ದ ಅದೇ ಪುಸ್ತಕ! ಅದನ್ನು ಹಿಡಿದುಕೊಂಡು ಅವರ ಮೇಜಿನ ಮುಂದೆ ನಿಂತೆ. ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು.

"ಇದನ್ನೆಲ್ಲ ಎಲ್ಲಿ ಕಲಿತ್ರಿ ಸರ್?"

ಅವರು ಕನ್ನಡಕ ತೆಗೆದಿಟ್ಟರು. "ತಪ್ಪು ಮಾಡಿ ಕಲ್ತದ್ದು. ಮಗಳಿಗೆ ಹತ್ತು ವರ್ಷ ಆಗ. ನನಗೆ ಇಷ್ಟದ ದೊಡ್ಡ ಪುಸ್ತಕ ಅವಳ ಕೈಗೆ ಕೊಟ್ಟೆ. ದಿನಕ್ಕೊಂದು ಪುಟ ಗಟ್ಟಿಯಾಗಿ ಓದ್ಬೇಕು. ಅಕ್ಷರ ತಪ್ಪಿದಲ್ಲೆಲ್ಲ ನಿಲ್ಲಿಸಿ ಬೈದೆ. ಒಂದು ದಿನ ಮುಚ್ಚಿಟ್ಟು ಎದ್ದು ಹೋದಳು. ಮತ್ತೆ ಕನ್ನಡ ಓದ್ಲಿಲ್ಲ, ಮಾತಾಡ್ಲೂ ಇಲ್ಲ. ನಾನು ಕನ್ನಡದಲ್ಲಿ ಕೇಳ್ತೇನೆ, ಅವಳು ಮಲಯಾಳದಲ್ಲಿ ಉತ್ತರ ಕೊಡ್ತಾಳೆ. ಈಗಲೂ ಹಾಗೇ." ಕನ್ನಡಕ ಮತ್ತೆ ಹಾಕಿಕೊಂಡು, "ಪುಸ್ತಕ ಒಳ್ಳೆಯದೇ ಇತ್ತು" ಎಂದರು.

ಮುಂದೆ ನನಗೆ ಕೊಚ್ಚಿಗೆ ವರ್ಗವಾಯಿತು. ಅವರ ಮಗಳು ಅಲ್ಲಿಯೇ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಳು. ಪರಿಚಯವಾಗಿ ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದಳು, ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು. ನನ್ನ ಕನ್ನಡಕ್ಕೂ ಅವಳದು ಮಲಯಾಳದ ಉತ್ತರವೇ; ಅಷ್ಟರಲ್ಲಿ ನನಗೂ ಮಲಯಾಳ ಅರ್ಥವಾಗುತ್ತಿತ್ತು. ಅಪ್ಪನ ವಿಷಯ ಬಂದರೆ ಮಾತು ಬದಲಿಸುತ್ತಿದ್ದಳು. ನಿವೃತ್ತಿಗೆ ಇನ್ನು ಕೆಲವೇ ತಿಂಗಳಿರುವಾಗ ಅವರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ತಿಳಿದು ಅವಳನ್ನು ತಿರುವನಂತಪುರಕ್ಕೆ ರೈಲಿನಲ್ಲಿ ಕರೆದುಕೊಂಡು ಹೋದವಳು ನಾನೇ. ದಾರಿಯುದ್ದಕ್ಕೂ ಅವಳು ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಎರಡು ತಿಂಗಳ ಮೇಲೆ ಮನೆಗೆ ಬಂದವಳು ಬಾಗಿಲಲ್ಲೇ ಮಲಯಾಳದಲ್ಲಿ ಕೇಳಿದಳು: "ಚೇಚಿ, ಅಪ್ಪ ನಿಮಗೆ ಮೊದಲು ಕೊಟ್ಟ ಪುಸ್ತಕ ಯಾವುದು?" "ಎನಿಕ್ಕುಂ ವಾಯಿಕ್ಕಣಂ." ನಾನೂ ಓದಬೇಕು ಎಂದು.

ಅಣ್ಣತಮ್ಮಂದಿರ ಕಥೆಯನ್ನು ಕಪಾಟಿನಿಂದ ತೆಗೆದೆ. ಕೊಡಲು ಹೋಗಿ ಕೈ ತಡೆಯಿತು. ಅದು ನನಗೆಂದು ಆರಿಸಿದ್ದು. ಎರಡು ವಾರ ಸಮಯ ಕೊಡು ಎಂದೆ. ಆ ಎರಡು ವಾರವೂ ಪರೀಕ್ಷೆಗೆ ಕೂತವಳಂತೆ ಒದ್ದಾಡಿದೆ. ಇವಳಿಗೆ ನಗುವುದೆಂದರೆ ಇಷ್ಟ, ಊಟವೆಂದರೆ ಇನ್ನೂ ಇಷ್ಟ. ಕೊನೆಗೆ ಮದುವೆಮನೆಯಲ್ಲಿ ಅಡುಗೆಯವನು ಮುನಿಸಿಕೊಳ್ಳುವ ಒಂದು ಹಳೆಯ ನಗೆಗಥೆ ಸಿಕ್ಕಿತು, ಐವತ್ತೇ ಪುಟದ್ದು.

ಅವಳು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಮೊದಲ ಪುಟಕ್ಕೇ ಅರ್ಧ ಗಂಟೆ ಹಿಡಿಯಿತು. ಒಂದು ಕಡೆ ಅವಳ ಓದಿನಲ್ಲಿ ಅಡುಗೆಯವನು ಕೊಪ್ಪರಿಗೆಗೆ "ಹುಲಿ" ಹಾಕಿದ. ನನ್ನ ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ಮುಂದಿನ ಸಾಲಿಗೆ ಹೋದಳು, ನಿಂತಳು, ಹಿಂದಕ್ಕೆ ಬಂದಳು. ಆಮೇಲೆ ಜೋರಾಗಿ ನಗತೊಡಗಿದಳು.

"ಅಯ್ಯೋ, ಹುಲಿ ಅಲ್ಲ, ಹುಳಿ!" ಎಂದಳು, ಕನ್ನಡದಲ್ಲಿ.

ಅದನ್ನು ಕೇಳಬೇಕಾಗಿದ್ದವರು ಇರಲಿಲ್ಲ. ಅವರ ಪಾಲಿನದನ್ನು ನಾನು ಕೇಳಿಸಿಕೊಂಡೆ.